ಕಣ್ಣಳತೆಯ ದ್ವೀಪ

ಮಲ್ಪೆಯಲ್ಲಿ ಓದುತ್ತಿದ್ದಾಗ ದಿನವೂ ಕಣ್ಣಿಗೆ ಬೀಳುತ್ತಿದ್ದ ಸೇಂಟ್ ಮೇರೀಸ್ ದ್ವೀಪವನ್ನು ನಾವು ಮೆಟ್ಟಿದ್ದು ಮುಂಬಯಿ ಸೇರಿ 12 ವರ್ಷಗಳಾದ ಮೇಲೆ, ಕಳೆದ ದೀಪಾವಳಿಯ ರಜೆಯಲ್ಲಿ. ಆಗ ದೋಣಿಯ ಬಾಡಿಗೆಗೆ ಹಣವಿರಲಿಲ್ಲ. ಹಣ ಕೂಡುವ ಹೊತ್ತಿಗೆ ತಂದೆಯವರಿರಲಿಲ್ಲ. ತಾಯಿಯವರೊಡನೆ ಹೊರಟೆವು.

ನೀವು ಘಾರಾಪುರಿಗೆ ಹೋಗುವಷ್ಟು ಹೊತ್ತೂ ಹಿಡಿಯದ ಪಯಣವದು. ದಡದಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ಮೇಲೆ ತೆಂಗಿನ ನೆರಳು. 8 ಕೋಟಿ ವರ್ಷಗಳಿಗೂ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಅಗಲಿದ ಕಾಲದಲ್ಲಿ ಉಕ್ಕಿದ ಲಾವಾರಸವು ತಣಿದು, ಕುಗ್ಗಿ, ಬಿರಿದು ಐದಾರು ಮುಖದ ಕಂಬಗಳಾಗಿ ನಿಂತಿದೆ. ಹುಡುಗರೇ, ನಾವು ಕರಿಹಲಗೆಯ ಮೇಲೆ ಬರೆಯುವ ಚಿತ್ರ ಅದರ ಮುಂದೆ ಏನೂ ಅಲ್ಲ!

ನಮ್ಮ ಪಾಂಡಿತ್ಯವನ್ನೆಲ್ಲ ಕೇಳಿದ ತಾಯಿಯವರು ಮಲ್ಪೆಯ ತೀರದತ್ತ ತಿರುಗಿ, “ಇಷ್ಟು ಹತ್ತಿರವೇ, ಮಗಾ?” ಎಂದರು. ದೋಣಿಯವನು ಕೂಗಿ ಕರೆಯುವವರೆಗೂ ಆ ಕಡೆಯೇ ನೋಡುತ್ತ ಕುಳಿತಿದ್ದರು.