ನಾನು ಆರಿಸಿಕೊಟ್ಟ ಕೋಲು

ಗಾಲ್ಫ್ ಎಂದೊಡನೆ ಅದು ಸಾಹುಕಾರರ ಆಟವೆಂದು ಗೆಳೆಯರು ನಗುತ್ತಾರೆ. ನನಗಂತೂ ಅದು ಪರೀಕ್ಷೆಯ ಶುಲ್ಕ ಕಟ್ಟಲು ನೆರವಾದ ಆಟ. 1876ರಿಂದ ಗಾಲ್ಫ್ ಕಂಡಿರುವ ಈ ಬೆಂಗಳೂರಿನಲ್ಲಿ, ಭಾನುವಾರಗಳಂದು ಆಟಗಾರರ ಚೀಲ ಹೊರುವ ಕ್ಯಾಡಿ ನಾನು.

ನಿಯಮದಂತೆ ಚೀಲದಲ್ಲಿ 14ಕ್ಕಿಂತ ಹೆಚ್ಚು ಕೋಲುಗಳಿರಕೂಡದು. ಅವುಗಳಲ್ಲಿ ಕುಳಿಯ ಸಮೀಪದ ಹೊಡೆತಗಳಿಗೆ ಇರುವುವು ವೆಡ್ಜ್‌ಗಳು. ಪಿಚಿಂಗ್ ವೆಡ್ಜಿನ ಮುಖ ಸುಮಾರು 46 ಡಿಗ್ರಿ ಓರೆ. ಚೆಂಡು ತಗ್ಗಾಗಿ ಹಾರಿ, ಬಿದ್ದಮೇಲೆ ಉರುಳುತ್ತದೆ. ಸ್ಯಾಂಡ್ ವೆಡ್ಜಿನದು ಸುಮಾರು 56. ಚೆಂಡು ಎತ್ತರಕ್ಕೆದ್ದು, ಬಿದ್ದು ಬೇಗನೆ ನಿಲ್ಲುತ್ತದೆ. ಇಷ್ಟು ತಿಳಿದೊಡನೆ ಪಂಡಿತನಾದೆನೆಂದು ಬೀಗಿದ್ದೆನು.

ಒಂದು ಬೇಸಿಗೆಯ ಬೆಳಿಗ್ಗೆ, ಕುಳಿಗೆ ಇನ್ನು 30 ಗಜವಿರುವಾಗ ಯಜಮಾನರು "ಯಾವುದಪ್ಪಾ?" ಎಂದರು. ಹಿಂದುಮುಂದು ನೋಡದೆ ಸ್ಯಾಂಡ್ ವೆಡ್ಜನ್ನು ಕೊಟ್ಟೆನು. ನೆಲ ಒಣಗಿ ಕಲ್ಲಾಗಿತ್ತು. ಕೋಲು ನೆಲಕ್ಕೆ ಬಡಿದು ಪುಟಿಯಿತು. ಅದರ ಅಂಚು ಚೆಂಡಿನ ನಡುವಿಗೆ ತಗಲಿತು. ಚೆಂಡು ಕುಳಿಯನ್ನು ದಾಟಿ ಪೊದೆ ಸೇರಿತು. ಪಂದ್ಯವೂ ಹೋಯಿತು. ಮರುದಿನವೇ ಶುಲ್ಕಕ್ಕೆ ಕಡೆಯ ದಿನ. ನನ್ನ ಕೂಲಿಯೂ ಪೊದೆ ಸೇರಿತೆಂದುಕೊಂಡೆನು.

ಅವರು ಗದರಲಿಲ್ಲ. ಕೋಲನ್ನು ತಿರುಗಿಸಿ, ಅದರ ಉಬ್ಬಿದ ಅಡಿಯನ್ನು ನನ್ನ ಬೆರಳಿಗೆ ಮುಟ್ಟಿಸಿದರು. "ಇದು ಮರಳಿನಲ್ಲಿ ಹೂತುಹೋಗದೆ ಜಾರಲೆಂದು ಮಾಡಿದ್ದು. 1932ರಲ್ಲಿ ಜೀನ್ ಸಾರಾಜೆನ್ ಇಂಥದನ್ನು ಹಿಡಿದೇ ಬ್ರಿಟಿಷ್ ಓಪನ್ ಗೆದ್ದ. ಗಟ್ಟಿ ನೆಲದಲ್ಲಿ ಉಬ್ಬು ಕಡಿಮೆಯಿರುವ ಪಿಚಿಂಗ್ ವೆಡ್ಜ್ ಕೊಡು, ಚೆಂಡು ಉರುಳಿಕೊಂಡೇ ಹೋಗಲಿ" ಎಂದು ಹೇಳಿ, ಕೂಲಿಯನ್ನು ಪೂರ್ತಿ ಕೊಟ್ಟರು.

ಮರುದಿನ ಶುಲ್ಕ ಕಟ್ಟಿದೆನು. ಈಗ ಚೀಲಕ್ಕೆ ಕೈ ಹಾಕುವ ಮೊದಲು, ಕಾಲ ಕೆಳಗಿನ ನೆಲ ಹೇಗಿದೆಯೆಂದು ಗಮನಿಸುತ್ತೇನೆ.