ಕಾಕಾ, ಬಾಲ್ ಕೊಡ್ರಿ!

ನನಗೀಗ 29 ವರ್ಷ. ಮನೆಯಲ್ಲಿ ಆಯಿಗೆ ನಾನಿನ್ನೂ ‘ಸಣ್ಣಾಂವ’. ಅವ್ವನ ಲೆಕ್ಕದಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣಲು ಬಾರದ ಹುಡುಗ. ಮದುವೆಯ ಮಾತು ಬಂದಾಗ ಮಾತ್ರ ಒಮ್ಮೆಲೇ ‘ವಯಸ್ಸಾತು’ ಎನ್ನುತ್ತಾರೆ; ಅದು ಎಲ್ಲ ಮನೆಗಳಲ್ಲೂ ಇದ್ದದ್ದೇ. ತಲೆಯಲ್ಲಿ ಹುಡುಕಿದರೂ ಒಂದು ಬಿಳಿ ಕೂದಲಿಲ್ಲ. ಆದರೂ ಈ ಒಂದೆರಡು ವರ್ಷಗಳಲ್ಲಿ ನಾನು ಸಾಕಷ್ಟು ಹಿರಿಯನಾಗಿಬಿಟ್ಟಿದ್ದೇನೆ. ಆ ಕೆಲಸ ಮಾಡಿದವರು ಮಕ್ಕಳು.

ನಾನು ಬಿತ್ತನೆ ಬೀಜದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ರಾಯಬಾಗ ತಾಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಗೆ ನಮ್ಮ ಹಳ್ಳಿ. ಬೆಳಿಗ್ಗೆ ಬೈಕ್ ಹತ್ತಿದರೆ ಒಂದು ದಿನ ಚಿಕ್ಕೋಡಿ, ನಿಪ್ಪಾಣಿ. ಇನ್ನೊಂದು ದಿನ ಅಥಣಿ, ಕಾಗವಾಡ. ಬೀಜ-ಗೊಬ್ಬರದ ಅಂಗಡಿಗಳಲ್ಲಿ ಸೋಯಾಬೀನ್, ಗೋವಿನಜೋಳದ ಆರ್ಡರ್ ಬರೆದುಕೊಳ್ಳುವುದು, ಮಧ್ಯಾಹ್ನ ಯಾವ ಊರಲ್ಲಿ ಬಂಧುಗಳಿದ್ದಾರೋ ಅಲ್ಲಿ ಊಟ. ಹೀಗಾಗಿ ಐದೂ ತಾಲೂಕುಗಳ ಮಕ್ಕಳು ಎದುರಾಗುತ್ತಲೇ ಇರುತ್ತಾರೆ.

ಮೊದಲ ಪೆಟ್ಟು ಬಿದ್ದದ್ದು ಚಿಕ್ಕೋಡಿಯಲ್ಲಿ. ಅಂಗಡಿಯ ಹಿಂದಿನ ಬಯಲಿನಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಚೆಂಡು ಉರುಳಿ ನನ್ನ ಬೈಕಿನ ಹತ್ತಿರ ಬಂತು. “ಕಾಕಾ, ಬಾಲ್ ಕೊಡ್ರಿ!” ಎಂದು ಒಬ್ಬ ಕೂಗಿದ. ಯಾವ ಕಾಕಾ ಎಂದು ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಎರಡು ವರ್ಷದ ಹಿಂದೆ ಇದೇ ಬಯಲಿನಲ್ಲಿ “ಅಣ್ಣಾ, ಬಾಲ್ ಕೊಡೋ” ಎನ್ನುತ್ತಿದ್ದರು. ‘ಅಣ್ಣ’ ಹೋಗಿ ‘ಕಾಕಾ’ ಆದದ್ದನ್ನು ಹೇಗೋ ನುಂಗಬಹುದು. ‘ಕೊಡೋ’ ಹೋಗಿ ‘ಕೊಡ್ರಿ’ ಆದದ್ದು ಗಂಟಲಲ್ಲೇ ನಿಂತಿತು. ‘ಕೊಡೋ’ ಅಂದವರು, ‘ಬಾರೋ, ಒಂದು ಓವರ್ ಹಾಕು’ ಎಂದು ಆಟಕ್ಕೂ ಕರೆಯುತ್ತಾರೆ. ‘ರಿ’ ಹಚ್ಚಿದವರು ಚೆಂಡು ಇಸಿದುಕೊಂಡು ಹೋಗಿಬಿಡುತ್ತಾರೆ.

ನಿಪ್ಪಾಣಿಯಲ್ಲಿ ಅಕ್ಕನ ಮನೆ. ಅಕ್ಕನ ಮಗಳು ಐದನೇ ಇಯತ್ತೆ. ಒಂದು ದಿನ ಊಟಕ್ಕೆ ಕುಳಿತಿದ್ದಾಗ ನೋಟ್‌ಬುಕ್ ಹಿಡಿದು ಬಂದಳು. ಮನೆಯ ಹಿರಿಯರನ್ನು ಮಾತಾಡಿಸಿ ಅವರ ಕಾಲದ ಬಗ್ಗೆ ಬರೆಯಿರಿ ಎಂದು ಶಾಲೆಯಲ್ಲಿ ಹೇಳಿದ್ದರಂತೆ.

“ನಿಮ್ಮ ಆಯಿನ್ನ ಕೇಳು” ಅಂದೆ.

“ಆಯಿ ಗುಡಿಗೆ ಹೋಗ್ಯಾಳ. ನೀನೂ ನಡೀತಿ, ಮಾಮಾ.”

ಪ್ರಶ್ನೆ ಶುರುವಾದವು. ನಿಮ್ಮ ಕಾಲದಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ತಾಲೂಕು ಎಷ್ಟು? ಹತ್ತು ಅಂದೆ. ಆಗ ಅವಳ ನಿಪ್ಪಾಣಿ ಚಿಕ್ಕೋಡಿ ತಾಲೂಕಿನೊಳಗಿತ್ತು, ಕಾಗವಾಡ ಅಥಣಿಯೊಳಗಿತ್ತು. “ಹೌದಾ?” ಎಂದು ಅವಳು ಕಣ್ಣರಳಿಸಿದಳು. ಗ್ರಹ ಎಷ್ಟು? ಒಂಬತ್ತು. ಪ್ಲುಟೊ ಗ್ರಹಗಳ ಪಟ್ಟಿಯಿಂದ ಹೊರಬಿದ್ದದ್ದು 2006ರ ಆಗಸ್ಟಿನಲ್ಲಿ. ಅಷ್ಟು ಹೊತ್ತಿಗೆ ನಾನು ಒಂಬತ್ತನ್ನೂ ಬಾಯಿಪಾಠ ಮಾಡಿ ಮುಗಿಸಿದ್ದೆ. ರಾಜ್ಯ ಎಷ್ಟು? 28. 2014ರಲ್ಲಿ ತೆಲಂಗಾಣ ಸೇರಿ 29 ಆಯಿತು, 2019ರಲ್ಲಿ ಜಮ್ಮು-ಕಾಶ್ಮೀರ ಕೇಂದ್ರಾಡಳಿತಕ್ಕೆ ಹೋಗಿ ಮತ್ತೆ 28 ಆಯಿತು. “ಇದೊಂದು ಈಗಿಂದಕ್ಕ ಕೂಡ್ತೈತಿ ನೋಡು” ಎಂದು ಅದರ ಮುಂದೆ ಸರಿ ಗುರುತು ಹಾಕಿದಳು.

ಕೊನೆಗೆ ನನ್ನ ಮೊಬೈಲಿನಲ್ಲಿದ್ದ, ಶಾಲೆ ಬಿಟ್ಟ ದಾಖಲೆಯ ಫೋಟೋ ತೋರಿಸಿದೆ. ಅದರ ಠಸ್ಸೆಯ ಮೇಲೆ ಇಂಗ್ಲಿಷಿನಲ್ಲಿ ಜಿಲ್ಲೆಯ ಹೆಸರು ‘ಬೆಲ್ಗಾಮ್’ ಎಂದಿದೆ. “ಮಾಮಾ, ಸ್ಪೆಲಿಂಗ್ ತಪ್ಪೈತಿ!” ಅಂದಳು. ಕನ್ನಡದಲ್ಲಿ ನಮಗೆ ಮೊದಲಿನಿಂದಲೂ ಬೆಳಗಾವಿಯೇ. ಇಂಗ್ಲಿಷಿನಲ್ಲೂ ಹಾಗೇ ಬರೆಯಬೇಕೆಂದು ಆದದ್ದು 2014ರ ನವೆಂಬರ್ 1ರಿಂದ. ಅವಳು ಹುಟ್ಟಿದ್ದು 2015ರಲ್ಲಿ. ಅವಳ ನೋಟ್‌ಬುಕ್ಕಿನಲ್ಲಿ ‘ನಮ್ಮ ಹಿರಿಯರು’ ಎಂಬ ತಲೆಬರಹದ ಕೆಳಗೆ ಈಗ ನನ್ನ ಹೆಸರಿದೆ. ಇದನ್ನು ಓದುವ ಮಕ್ಕಳು ತಮ್ಮ ಮನೆಯ ಕಾಕಾ, ಮಾಮಾ, ಅತ್ತಿಯರನ್ನೂ ಇದೇ ಪ್ರಶ್ನೆ ಕೇಳಿ ನೋಡಲಿ. ಅವರ ಮುಖ ನೋಡುವ ಹಾಗಿರುತ್ತದೆ.

ಅವಳ ಅಣ್ಣ ಒಂಬತ್ತನೇ ಇಯತ್ತೆ. ಬಂಧುಗಳ ಮದುವೆಗೆ ಅವನಿಗೊಂದು ಜೋಡು ಚಪ್ಪಲಿ ಬೇಕಾಗಿತ್ತು. ಅಥಣಿಗೆ ಕರೆದೊಯ್ದೆ. ಕೊಲ್ಹಾಪುರಿ ಎಂದು ಲೋಕವೆಲ್ಲ ಕರೆಯುವ ಚಪ್ಪಲಿಯನ್ನು ಅಥಣಿಯ ಮನೆಗಳಲ್ಲೂ ತಲೆಮಾರುಗಳಿಂದ ಕೈಯಲ್ಲೇ ಮಾಡುತ್ತಾರೆ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳ ಹೆಸರಿತ್ತು. ಅಂಗಡಿಯವರು ಹುಡುಗನ ಪಾದ ಅಳೆದು “ಒಂಬತ್ತು ನಂಬರ್” ಅಂದರು. ನನ್ನದು ಎಂಟು. ಮೊನ್ನೆ ಮೊನ್ನೆ ನನ್ನ ಚಪ್ಪಲಿಯೊಳಗೆ ಕಾಲಿಟ್ಟು ಅಂಗಳದ ತುಂಬ ಎಳೆದಾಡುತ್ತಿದ್ದ ಪಾದ ಅದು. ಸಾಲದ್ದಕ್ಕೆ ಅಂಗಡಿಯವರು ನನ್ನ ಕಡೆ ತಿರುಗಿ, “ನಿಮ್ಮ ಮಗಾ ಭಾಳ ಎತ್ತರ ಆಗ್ತಾನ ನೋಡ್ರಿ” ಎಂದರು. ಹುಡುಗ ನಿಪ್ಪಾಣಿ ಮುಟ್ಟುವವರೆಗೆ ನಕ್ಕ. ದಾರಿಯಲ್ಲಿ “ಮಾಮಾ, ಬೈಕ್ ಒಂದೀಟ ನಾ ಹೊಡೀಲೇನು?” ಎಂದು ಕೇಳಿದ. “ಹದಿನೆಂಟು ತುಂಬ್ಲಿ, ಆಮ್ಯಾಲೆ ನೋಡೂಣು” ಅಂದೆ. ಮಾತು ನನ್ನ ಬಾಯಿಂದ ಬಂತು, ದನಿ ಮಾತ್ರ ನಮ್ಮಪ್ಪನದು.

ಕಾಗವಾಡದಲ್ಲಂತೂ ನನ್ನನ್ನು ಇತಿಹಾಸಕ್ಕೇ ಸೇರಿಸಿದರು. ಗೊಬ್ಬರದ ಅಂಗಡಿಯವರ ಮಗಳು, ಎರಡನೇ ಇಯತ್ತೆಯ ಹುಡುಗಿ, ತನ್ನ ಆಯಿಯ ಡಬ್ಬಿಯಲ್ಲಿ ಸಿಕ್ಕ ನಾಣ್ಯ ತಂದು ತೋರಿಸಿದಳು. “ಇದು ಕಿತ್ತೂರ ಚೆನ್ನಮ್ಮನ ಕಾಲದ್ದೇನ್ರಿ?” ನೋಡಿದರೆ ಚಾರಾಣೆ, ಖಡ್ಗಮೃಗದ ಚಿತ್ರವಿರುವ 25 ಪೈಸೆ! ಅದನ್ನು ಕೊಟ್ಟು ನಾನು ಲಿಂಬಿಹುಳಿ ಪೆಪ್ಪರಮೆಂಟು ತಿಂದವನು. 2011ರ ಜೂನ್ 30ರ ನಂತರ ಅದರ ಚಲಾವಣೆ ನಿಂತಿತು. “ಇದರಿಂದ ನೀವು ಸಾಮಾನು ತಂದೀರೇನ್ರಿ?” ಎಂದು ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಒಳಗಿದ್ದ ಅವಳ ಆಯಿಗೆ ಇದು ಕೇಳಿಸಿತು. “ಅಂವನ್ನೇನ ಕೇಳ್ತಿ, ಅಂವಾ ಸಣ್ಣ ಹುಡುಗ. ರೂಪಾಯಿಗೆ ಹದಿನಾರು ಆಣೆ ಇದ್ದಾಗಿನ ಮಾತು ನಾ ಹೇಳ್ತೀನಿ ಬಾ” ಎಂದಳು. 1957ರಲ್ಲಿ ನಯಾಪೈಸೆ ಬರುವ ಮೊದಲಿನ ಮಾತು ಅದು. ಆ ತಾಯಿಗೆ ಅಲ್ಲಿಂದಲೇ ಕೈಮುಗಿದೆ.

ಇಷ್ಟೆಲ್ಲ ನಗುವ ಮಾತಾಯಿತು. ನಗಲಾಗದ್ದು ನಡೆದದ್ದು ನಮ್ಮ ಮನೆಯಲ್ಲೇ.

ಘಟ್ಟದ ಕಡೆ ಮಳೆ ಹಿಡಿದು, ಕೊಯ್ನಾ ಅಣೆಕಟ್ಟಿನ ನೀರು ಕೆಳಗೆ ಬಂತೆಂದರೆ ನಮ್ಮ ಹೊಳೆ ಹೊಲಕ್ಕೆ ಏರುತ್ತದೆ, ಆಮೇಲೆ ಊರಿಗೆ. 2005ರಲ್ಲಿ ಹಾಗಾಯಿತು, 2019ರಲ್ಲಿ ಅದಕ್ಕಿಂತ ಜೋರಾಯಿತು. 2005ರಲ್ಲಿ ನಾನು 9 ವರ್ಷದವ. ಅಜ್ಜನ ಹೆಗಲ ಮೇಲೆ ಕುಳಿತು ಊರು ಬಿಟ್ಟೆ. 2019ರಲ್ಲಿ ಅಜ್ಜ ಇರಲಿಲ್ಲ. ಆಯಿಯನ್ನು ನಾನೇ ಬೆನ್ನ ಮೇಲೆ ಹೊತ್ತು ದೋಣಿ ಹತ್ತಿಸಿದೆ. ಅಂದು ಕೂಡ ನಾನು ದೊಡ್ಡವನಾದೆ ಎಂದು ಅನ್ನಿಸಿರಲಿಲ್ಲ.

ಹೊಳೆ ಬಂದ ಕಥೆ ನಮ್ಮ ಮನೆಯಲ್ಲಿ ಆಯಿಯದು. ಮಳೆಗಾಲದ ರಾತ್ರಿ ಅವಳೇ ಹೇಳಬೇಕು, ಉಳಿದವರು ‘ಹೂಂ’ ಅನ್ನಬೇಕು. ನಡುವೆ ಯಾರಾದರೂ ಒಂದು ಮಾತು ಸೇರಿಸಿದರೆ “ನೀ ಹೇಳ್ತೀಯೋ, ನಾ ಹೇಳ್ಲೋ?” ಎಂದು ಗದರುತ್ತಿದ್ದಳು. ಅಣ್ಣನ ಮಗ ಈಗ ಒಂದನೇ ಇಯತ್ತೆ. ಹುಟ್ಟಿದ್ದು 2019ರ ನವೆಂಬರಿನಲ್ಲಿ, ನೀರು ಇಳಿದು ಮೂರು ತಿಂಗಳಿಗೆ. ಅವನಿಗೆ ಈ ಕಥೆ ಎಷ್ಟು ಕೇಳಿದರೂ ಸಾಲದು. ಈ ಸಲದ ಮಳೆಗಾಲದಲ್ಲಿ ಒಂದು ರಾತ್ರಿ ಆಯಿ ಶುರು ಮಾಡಿದಳು: “ಹೊಳಿ ಹಿತ್ತಲಕ್ಕ ಬಂದಿತ್ತು. ಅಜ್ಜ ಮದಲ ಎಮ್ಮಿ ಹಗ್ಗ ಬಿಚ್ಚಿದಾ. ಎಮ್ಮಿ...” ಅಲ್ಲಿಗೆ ನಿಂತಳು. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಮುಂದೇನಾತೋ ಸಣ್ಣಾಂವಾ?” ಎಂದು ಕೇಳಿದಳು.

ಇತ್ತ ಹುಡುಗ ನನ್ನನ್ನೇ ನೋಡುತ್ತಿದ್ದ, ಅತ್ತ ಆಯಿ ನನ್ನನ್ನೇ ನೋಡುತ್ತಿದ್ದಳು. ಹೇಳಿದೆ. ಕರಿ ಎಮ್ಮೆ ಈಜಿಕೊಂಡು ನಮಗಿಂತ ಮೊದಲೇ ಶಾಲೆಯ ಕಟ್ಟೆ ಮುಟ್ಟಿದ್ದು, ಅಲ್ಲಿ ನಿಂತು ನಮ್ಮ ದಾರಿ ಕಾಯುತ್ತಿದ್ದದ್ದು. “ಹೌದು, ಕರಿ ಎಮ್ಮಿ!” ಎಂದು ಆಯಿಯ ಮುಖ ಅರಳಿತು. “ಆಮ್ಯಾಲೆ?” ಎಂದು ಇಬ್ಬರೂ ಕೂಡಿಯೇ ಕೇಳಿದರು. 2019ರ ಕಥೆಗೆ ಬಂದಾಗ ಹುಡುಗ, “ಕಾಕಾ, ನಾ ಎಲ್ಲಿದ್ದೆ?” ಅಂದ. “ನೀ ನಿಮ್ಮವ್ವನ ಹೊಟ್ಯಾಗ ಇದ್ದಿ. ನಿನ್ನನ್ನೂ ದೋಣ್ಯಾಗ ಕುಂಡ್ರಿಸಿಕೊಂಡ ಬಂದ್ವಿ.” ಅವನಿಗೆ ಸಮಾಧಾನವಾಯಿತು. ಇಬ್ಬರೂ ಮಲಗಿದ ಮೇಲೆ ಬಹಳ ಹೊತ್ತು ನನಗೆ ನಿದ್ದೆ ಬರಲಿಲ್ಲ. ಅಜ್ಜನ ಮಾತು, ಎಮ್ಮೆಯ ಬಣ್ಣ, ದೋಣಿ ಬಂದ ಹೊತ್ತು ಒಂದೊಂದನ್ನೇ ನೆನೆಸಿಕೊಳ್ಳುತ್ತ ಮಲಗಿದ್ದೆ.

ಮರುದಿನ ರಾತ್ರಿ ಆಯಿ ಮತ್ತೆ ಅದೇ ಮಾತಿಗೆ ಬಂದು ನಿಂತಳು. ನಾನು ಬಾಯಿ ತೆರೆಯುವ ಮೊದಲೇ ಹುಡುಗ ಎದ್ದು ಕುಳಿತು ಹೇಳಿದ: “ಕರಿ ಎಮ್ಮಿ ಸಾಲಿ ಕಟ್ಟಿ ಮ್ಯಾಲ ನಿಂತಿತ್ತು, ಆಯಿ!”