ರಾಣಿ, ಭಿಸ್ತಿ ಮತ್ತು ನಮ್ಮ ತಾತ

ಸಿನಿಮಾದಲ್ಲಿ ಬ್ರಿಟಿಷರು ಬರೋದು ಕುದುರೆ ಮೇಲೆ. ನಮ್ಮ ಕೋಲಾರದ ಕಡೆಗೆ ಅವರು ಬಂದದ್ದು ಲೆಕ್ಕದ ಪುಸ್ತಕ ಹಿಡಿದುಕೊಂಡು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಚಿನ್ನದ ಗಣಿಯ ಕೆಲಸ ಹಿಡಿಯಿತು. 1956ರಲ್ಲಿ ರಾಜ್ಯ ಸರ್ಕಾರ ವಹಿಸಿಕೊಳ್ಳುವವರೆಗೂ ಅವರದೇ ಆಡಳಿತ. ಕೆಳಗಿಳಿದವರು ಹೆಚ್ಚಿನಂಶ ನಮ್ಮ ಜನ.

ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ಬಂದದ್ದು 1961ರಲ್ಲಿ. ನಾನು ನೋಡಿದ್ದು ಎಷ್ಟೋ ವರ್ಷದ ಮೇಲೆ, ಮುಳಬಾಗಿಲು ಕಡೆಯ ಒಂದು ಟೆಂಟಿನಲ್ಲಿ, ನೆಲದ ಟಿಕೇಟಿನಲ್ಲಿ. ನೆಲದಲ್ಲೂ ಕೇರಿಯವರು ಒಂದು ಪಕ್ಕ. ಅಂತ ಯಾರೂ ಬೋರ್ಡು ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಸರೋಜಾದೇವಿ ಕಂಪನಿಯವರ ಎದುರು ನಿಂತಾಗ ನಾವೂ ಸಿಳ್ಳೆ ಹೊಡೆದೆವು. ಆ ಚಿತ್ರವನ್ನು ಹಳಿಯುವ ಮನಸ್ಸು ಇವತ್ತಿಗೂ ನನಗಿಲ್ಲ. ಆದರೆ ಕಥೆ ಅರಮನೆಯದು.

ಬೆಂಗಳೂರಿನಲ್ಲಿ ಬಿ.ಎಡ್. ಓದುವಾಗ ಗೆಳೆಯನೊಬ್ಬ 'ಗಂಗಾ ದಿನ್' ನೋಡಲು ಕರೆದುಕೊಂಡು ಹೋದ. 1939ರ ಹಾಲಿವುಡ್ ಚಿತ್ರ. ಹಿಂದೂಸ್ತಾನದ ಗಡಿ ಅಂತ ತೋರಿಸಿದ್ದು ಕ್ಯಾಲಿಫೋರ್ನಿಯಾದ ಬೆಟ್ಟಗಳನ್ನು. ದಂಡಿಗೆ ನೀರು ಹೊರುವ ಭಿಸ್ತಿಯಾಗಿ ಮೈಗೆ ಕಂದು ಬಣ್ಣ ಬಳಿದುಕೊಂಡ ಸ್ಯಾಮ್ ಜಾಫೆ. ಅವನಿಗೆ ಸಿಪಾಯಿ ಆಗುವ ಆಸೆ. ಕಹಳೆ ಊದಿ ದಂಡನ್ನು ಉಳಿಸಿ ಸಾಯುತ್ತಾನೆ. ಸತ್ತ ಮೇಲೆ ಯೂನಿಫಾರಂ! ಅದನ್ನು ತೊಟ್ಟು ಅವನ ಆತ್ಮ ತೆರೆಯ ಮೇಲೆ ನಗುನಗುತ್ತಾ ಸೆಲ್ಯೂಟ್ ಹೊಡೆಯುತ್ತದೆ. ಬದುಕಿದ್ದಾಗಲೇ ಕೊಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಗೆಳೆಯನಿಗೆ ಸಿಟ್ಟು ಬಂತು. ನನಗೆ ಬಂದದ್ದು ಹೊಟ್ಟೆಕಿಚ್ಚು. ಆ ಭಿಸ್ತಿ ಹೊತ್ತು ತಂದ ನೀರನ್ನು ಬಿಳಿಯರು ಕುಡಿಯುತ್ತಾರಲ್ಲ! ನಮ್ಮೂರಲ್ಲಿ ನಮ್ಮಮ್ಮ ಬಾವಿಯಿಂದ ಮಾರು ದೂರ ಬಿಂದಿಗೆ ಇಟ್ಟು, ಯಾರಾದರೂ ಪುಣ್ಯಾತ್ಮರು ಹುಯ್ಯಲಿ ಅಂತ ಕಾಯುತ್ತಾ ನಿಲ್ಲುತ್ತಿದ್ದಳು.

ಸಾಮ್ರಾಜ್ಯದ ಸಿನಿಮಾಗಳು ಮುಟ್ಟದ ಜಾಗ ಇದೇ. ನಮ್ಮ ತಾತ ಜೀತ ಬಿಟ್ಟು ರಾತ್ರೋರಾತ್ರಿ ಗಣಿಗೆ ಓಡಿಹೋದವನು. ಮನೆ ಮಾತು ತೆಲುಗು, ಅದರಲ್ಲೇ ಹೇಳುತ್ತಿದ್ದ: "ದೊರೆ ಬೈತಾನೆ ಕಣೋ. ಆದ್ರೆ ಬಟವಾಡೆ ದಿನ ಕಾಸು ಕೈಗೆ ಬೀಳ್ತದೆ. ಊರಲ್ಲಿ ಎತ್ತರದಿಂದ ಎಸೀತಿದ್ರು." ಅವನು ಭಿಸ್ತಿಯೂ ಅಲ್ಲ, ರಾಣಿಯ ಭಂಟನೂ ಅಲ್ಲ. ಊರಿನಿಂದ ತಪ್ಪಿಸಿಕೊಳ್ಳಲು ಬಿಳಿಯನ ಬಾಗಿಲಿಗೆ ಹೋದವನು. ಆ ಬಾಗಿಲ ಒಳಗೂ ಲೆಕ್ಕ ಬೇರೆಯೇ ಇತ್ತು. ಕಳ್ಳರ ಹಾಗೆ ಬೆರಳಚ್ಚು ಕೊಟ್ಟು ಹೆಸರು ದಾಖಲಿಸಬೇಕು ಅಂದಾಗ, 1930ರಲ್ಲಿ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ಕೂಲಿ ತಗೊಂಡ ಕೈಯೇ ಬೆರಳು ಕೊಡಲ್ಲ ಅಂದಿತು.

2018ರ 'ಕೆ.ಜಿ.ಎಫ್.' ಸಿನಿಮಾದಲ್ಲಿ ಚಿನ್ನ ಸಿಕ್ಕೋದೇ 1951ರಲ್ಲಿ. ಅಷ್ಟೊತ್ತಿಗೆ ಕಂಪನಿ ಎಪ್ಪತ್ತು ವರ್ಷ ತೋಡಿ ಆಗಿತ್ತು. ಬಿಳಿಯನೂ ಮಾಯ, ಮುಷ್ಕರವೂ ಮಾಯ. 2024ರಲ್ಲಿ ಪಾ. ರಂಜಿತ್ ತಮಿಳಿನ 'ತಂಗಲಾನ್'ನಲ್ಲಿ, ಉತ್ತರ ಆರ್ಕಾಟಿನ ನಮ್ಮ ಜನ ದೊರೆಯ ಹಿಂದೆ ಚಿನ್ನ ಹುಡುಕಿ ಯಾಕೆ ಹೊರಟರು ಅಂತ ಕೇಳಿದರು. ಮಾಟ-ಮಾಯೆ ಜಾಸ್ತಿ ಆಯ್ತು ಅಂತ ಮಗ ಗೊಣಗಿದ. ಇರಲಿ, ಪ್ರಶ್ನೆ ಸರಿಯಾಗಿತ್ತು.

ಮಗಳು ಮಾಲೂರಿನ ಕಡೆ ಟೀಚರು. "ಮಿಸ್, ರಾಕಿ ನಿಜವಾಗ್ಲೂ ಇದ್ನಾ?" ಅಂತ ಮಕ್ಕಳು ಕೇಳ್ತಾರಂತೆ. ಬೆರಳಚ್ಚಿನ ಕತೆ ಹೇಳಿದಳಂತೆ. ಶ್ರೀನಿವಾಸಪುರದಿಂದ ಬಂದು ಸೇರಿದ ಹುಡುಗನೊಬ್ಬ ಎದ್ದು ನಿಂತು, "ಆಮೇಲೆ ಅವರಿಗೆ ಕೆಲಸ ವಾಪಸ್ ಕೊಟ್ರಾ?" ಅಂದನಂತೆ.